ಕೆಟ್ಟ ಸುದ್ದಿ ಕೇಳಲೊಲ್ಲದ ಕ್ರೆಮ್ಲಿನ್

1960ರ ಅಕ್ಟೋಬರ್ 24ರ ಸಂಜೆ. ಕಝಾಕ್‌ಸ್ತಾನದ ಬೈಕನೂರ್ ಉಡಾವಣಾ ನೆಲೆಯಲ್ಲಿ ಆರ್-16 ಎಂಬ ಹೊಸ ಖಂಡಾಂತರ ಕ್ಷಿಪಣಿ ಮೊದಲ ಹಾರಾಟಕ್ಕೆ ಸಜ್ಜಾಗಿ ನಿಂತಿತ್ತು. ಹಿಂದಿನ ದಿನವೇ ಅದರಲ್ಲಿ ಇಂಧನ ಸೋರಿಕೆ ಕಾಣಿಸಿಕೊಂಡಿತ್ತು, ವಿದ್ಯುತ್ ವ್ಯವಸ್ಥೆಯೂ ಕೈಕೊಟ್ಟಿತ್ತು. ಮೊದಲು ಇಂಧನವನ್ನೆಲ್ಲ ಹೊರತೆಗೆದು ಆಮೇಲೆ ರಿಪೇರಿಗೆ ಕೈಹಾಕುವುದು ಕ್ರಮ. ಆದರೆ ಹಾಗೆ ಮಾಡಿದರೆ ವಾರಗಟ್ಟಲೆ ತಡವಾಗುತ್ತಿತ್ತು. ನವೆಂಬರ್ 7ರ ಕ್ರಾಂತಿ ದಿನಾಚರಣೆ ಹತ್ತಿರ ಬಂದಿತ್ತು, ಮಾಸ್ಕೋಗೆ ಸಿಹಿಸುದ್ದಿ ಬೇಕಾಗಿತ್ತು. ಕ್ಷಿಪಣಿ ಪಡೆಯ ಮುಖ್ಯಸ್ಥ ಮಾರ್ಷಲ್ ಮಿತ್ರೊಫಾನ್ ನೆದೆಲಿನ್ ಇಂಧನ ತುಂಬಿದ ಕ್ಷಿಪಣಿಯ ಮೇಲೆಯೇ ಕೆಲಸ ಮುಂದುವರಿಸಲು ಹೇಳಿದ. ಕೆಲಸಗಾರರಿಗೆ ಧೈರ್ಯ ಬರಲೆಂದು ತಾನೂ ಕ್ಷಿಪಣಿಯಿಂದ ಕೆಲವೇ ಮೀಟರ್ ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ. ಉಡಾವಣೆಗೆ ಇನ್ನೂ ಅರ್ಧ ಗಂಟೆಯಿರುವಾಗ ಎರಡನೇ ಹಂತದ ಎಂಜಿನ್ ತಾನಾಗಿ ಹೊತ್ತಿಕೊಂಡು ಕೆಳಗಿನ ಹಂತದ ತೊಟ್ಟಿಯನ್ನು ಸೀಳಿತು. ಎಪ್ಪತ್ತಕ್ಕೂ ಹೆಚ್ಚು ಎಂಜಿನಿಯರುಗಳು, ಸೈನಿಕರು, ತಂತ್ರಜ್ಞರು ನಿಂತಲ್ಲೇ ಸುಟ್ಟುಹೋದರು. ಕ್ಷಿಪಣಿಯ ವಿನ್ಯಾಸಕಾರ ಮಿಖಾಯಿಲ್ ಯಾಂಗೆಲ್ ಸಿಗರೇಟು ಸೇದಲು ಬಂಕರಿಗೆ ಹೋಗಿದ್ದ. ಹಾಗಾಗಿ ಬದುಕಿಕೊಂಡ.

ಮಾರ್ಷಲ್ ನೆದೆಲಿನ್ ವಿಮಾನ ಅಪಘಾತದಲ್ಲಿ ತೀರಿಕೊಂಡನೆಂದು ಸೋವಿಯತ್ ಪತ್ರಿಕೆಗಳು ಬರೆದವು. ಉಳಿದವರ ಹೆಸರು ಎಲ್ಲೂ ಬರಲಿಲ್ಲ. ನಿಜವಾಗಿ ಏನು ನಡೆಯಿತೆಂಬುದನ್ನು ಸೋವಿಯತ್ ಓದುಗರು ತಮ್ಮದೇ ಪತ್ರಿಕೆಯಲ್ಲಿ ಓದಲು 1989ರವರೆಗೆ ಕಾಯಬೇಕಾಯಿತು.

ಸೋವಿಯತ್ ಒಕ್ಕೂಟದ ಎಪ್ಪತ್ತು ವರ್ಷಗಳ ರಾಜಕೀಯ ಮತ್ತು ಸೈನಿಕ ಚರಿತ್ರೆಯನ್ನು ಬಿಚ್ಚಿ ನೋಡಿದರೆ ಇಂಥ ಸಂಜೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಆ ದೇಶಕ್ಕೆ ಧೈರ್ಯಶಾಲಿ ಸೈನಿಕರ ಕೊರತೆ ಇರಲಿಲ್ಲ. ಪ್ರತಿಭಾವಂತ ದಂಡನಾಯಕರ, ವಿಜ್ಞಾನಿಗಳ, ಶಸ್ತ್ರಾಸ್ತ್ರಗಳ ಕೊರತೆಯಂತೂ ಇರಲೇ ಇಲ್ಲ. ಕೆಳಗಿನವನು ಮೇಲಿನವನಿಗೆ ನಿಜ ಹೇಳಿ ತಲೆ ಉಳಿಸಿಕೊಳ್ಳುವ ದಾರಿಯೊಂದು ಮಾತ್ರ ಅಲ್ಲಿರಲಿಲ್ಲ. ಆ ದಾರಿ ಸ್ವಲ್ಪ ತೆರೆದುಕೊಂಡಾಗಲೆಲ್ಲ ಕೆಂಪು ಸೇನೆ ಜಗತ್ತೇ ಬೆರಗಾಗುವಂತೆ ಕಾದಾಡಿತು. ಮುಚ್ಚಿಕೊಂಡಾಗಲೆಲ್ಲ ಅದರ ಬೆಲೆಯನ್ನು ಲಕ್ಷಗಟ್ಟಲೆ ಸಾಮಾನ್ಯರು ತೆತ್ತರು.

ಅಪನಂಬಿಕೆ ಕೆಂಪು ಸೇನೆಯ ಹುಟ್ಟಿನಲ್ಲೇ ಇತ್ತು. 1918ರ ಆರಂಭದಲ್ಲಿ ಬೋಲ್ಷೆವಿಕರು ಹೊಸ ಸೇನೆ ಕಟ್ಟಲು ಹೊರಟಾಗ ಅವರ ಬಳಿ ಯುದ್ಧವಿದ್ಯೆ ಬಲ್ಲವರು ಕಡಿಮೆ. ಯುದ್ಧಖಾತೆ ಹೊತ್ತಿದ್ದ ಲಿಯೊನ್ ಟ್ರಾಟ್‌ಸ್ಕಿ ಜಾರ್ ಕಾಲದ ಹಳೆಯ ಅಧಿಕಾರಿಗಳನ್ನೇ ಹತ್ತಾರು ಸಾವಿರ ಸಂಖ್ಯೆಯಲ್ಲಿ ಸೇರಿಸಿಕೊಂಡ. ಅವರು ಶತ್ರುಗಳ ಕಡೆಗೆ ಓಡಿಹೋಗದಂತೆ ಅವರ ಕುಟುಂಬದವರ ವಿವರ ಬರೆದಿಟ್ಟುಕೊಳ್ಳಲು ಆಜ್ಞೆಯಾಯಿತು. ಪ್ರತಿ ದಳಪತಿಯ ಪಕ್ಕದಲ್ಲೂ ಪಕ್ಷದ ಪ್ರತಿನಿಧಿಯಾಗಿ ಒಬ್ಬ ಕಮಿಸಾರ್ ನಿಂತ. ದಳಪತಿಯ ಆದೇಶಕ್ಕೆ ಅವನ ಸಹಿಯೂ ಬೇಕು. ಅಂತರ್ಯುದ್ಧದ ನಡುವೆ, ನಾಲ್ಕೂ ದಿಕ್ಕಿನಿಂದ ಮುತ್ತಿಗೆ ಬಿದ್ದಿದ್ದ ಸರ್ಕಾರ ಹೀಗೆ ಮಾಡಿದ್ದನ್ನು ಅರ್ಥಮಾಡಿಕೊಳ್ಳಬಹುದು. ಆ ಸೇನೆ ಗೆದ್ದಿತು ಕೂಡ. ಆದರೆ ಆಪತ್ಕಾಲಕ್ಕೆಂದು ತಂದ ಕಣ್ಗಾವಲು ಆಪತ್ತು ಕಳೆದ ಮೇಲೂ ಹೋಗಲಿಲ್ಲ.

1921ರ ಮಾರ್ಚ್‌ನಲ್ಲಿ ಕ್ರೋನ್‌ಸ್ಟಾಟ್ ನೌಕಾನೆಲೆಯ ನಾವಿಕರು ದಂಗೆಯೆದ್ದರು. ಕ್ರಾಂತಿಯ ಹೆಮ್ಮೆಯೆಂದು ಹೊಗಳಿಸಿಕೊಂಡಿದ್ದ ನಾವಿಕರೇ ಅವರು. ಸೋವಿಯತ್‌ಗಳಿಗೆ ಗುಪ್ತ ಮತದಾನದ ಮೂಲಕ ಹೊಸ ಚುನಾವಣೆ, ಕಾರ್ಮಿಕರಿಗೂ ರೈತರಿಗೂ ವಾಕ್‌ಸ್ವಾತಂತ್ರ್ಯ ಬೇಕೆಂದು ಕೇಳಿದ್ದರು. ಹೆಪ್ಪುಗಟ್ಟಿದ ಸಮುದ್ರದ ಮೇಲೆ ಸೇನೆ ನಡೆಸಿ ಆ ದಂಗೆಯನ್ನು ಅಡಗಿಸಿದವನು ಮಿಖಾಯಿಲ್ ತುಖಚೆವ್‌ಸ್ಕಿ. ಆಗ ಅವನಿಗೆ 28 ವರ್ಷ. ಮುಂದಿನ ಹದಿನೈದು ವರ್ಷಗಳಲ್ಲಿ ಅವನು ಆ ದೇಶದ ಅತ್ಯಂತ ದೊಡ್ಡ ಸೈನಿಕ ಚಿಂತಕನಾಗಿ ಬೆಳೆದ. ಟ್ಯಾಂಕು, ವಿಮಾನ, ಪ್ಯಾರಾಚೂಟ್ ಪಡೆಗಳನ್ನು ಒಟ್ಟಿಗೆ ಹೂಡಿ ಶತ್ರುವಿನ ಸಾಲುಗಳ ಹಿಂದಕ್ಕೆ ಆಳವಾಗಿ ನುಗ್ಗುವ ಯುದ್ಧಕಲೆಯನ್ನು ರೂಪಿಸಿದವರಲ್ಲಿ ಅವನು ಮುಂಚೂಣಿಯವನು. 1935ರಲ್ಲಿ ಸೋವಿಯತ್ ಒಕ್ಕೂಟ ಮೊದಲ ಬಾರಿಗೆ ಮಾರ್ಷಲ್ ಪದವಿ ಕೊಟ್ಟ ಐವರಲ್ಲಿ ಅವನೂ ಒಬ್ಬ.

ಎರಡೇ ವರ್ಷ. 1937ರ ಮೇ ತಿಂಗಳಲ್ಲಿ ಅವನನ್ನು ಬಂಧಿಸಿದರು. ಜರ್ಮನಿಯ ಗೂಢಚಾರನೆಂಬ ಆರೋಪ. ಅವನು ಒಪ್ಪಿ ಬರೆದುಕೊಟ್ಟನೆನ್ನಲಾದ ಹೇಳಿಕೆಯ ಹಾಳೆಗಳ ಮೇಲೆ ರಕ್ತದ ಕಲೆಗಳಿದ್ದದ್ದನ್ನು ಮುಂದೆ ತನಿಖೆ ಮಾಡಿದವರು ಕಂಡರು. ಜೂನ್ 11ರಂದು ಗುಪ್ತ ವಿಚಾರಣೆ ನಡೆಯಿತು. ಅವನನ್ನೂ ಇತರ ಏಳು ಸೇನಾನಿಗಳನ್ನೂ ಆ ರಾತ್ರಿಯೇ ಗುಂಡಿಟ್ಟು ಕೊಂದರು. ಆ ನ್ಯಾಯಪೀಠದಲ್ಲಿ ಕೂತು ಸಹಿ ಹಾಕಿದ ಸೇನಾನಿಗಳಲ್ಲಿ ಹೆಚ್ಚಿನವರು ಮುಂದಿನ ವರ್ಷ ಮುಗಿಯುವ ಮೊದಲೇ ತಾವೂ ಸತ್ತಿದ್ದರು. ಕೆಲವರು ಗುಂಡಿಗೆ ಬಲಿಯಾದರು, ಒಬ್ಬ ಚಿತ್ರಹಿಂಸೆಯಲ್ಲಿ ಸತ್ತ. ಐವರು ಮಾರ್ಷಲ್‌ಗಳಲ್ಲಿ ಉಳಿದವರು ಇಬ್ಬರೇ, ವೊರೊಶಿಲೋವ್ ಮತ್ತು ಬುದ್ಯೊನ್ನಿ. ಇಬ್ಬರೂ ಸ್ಟಾಲಿನ್ನನ ಹಳೆಯ ಒಡನಾಡಿಗಳು, ಆಧುನಿಕ ಯುದ್ಧದಲ್ಲಿ ದೊಡ್ಡ ಪರಿಣತರಲ್ಲ. 1937–38ರಲ್ಲಿ ಸುಮಾರು 35,000 ಅಧಿಕಾರಿಗಳು ಸೇನೆಯಿಂದ ಹೊರಬಿದ್ದರು. ಅವರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗದವರನ್ನು ಆಮೇಲೆ ಮರಳಿ ಕರೆಸಿಕೊಂಡರು. ಆದರೆ ಮರಳಿ ಬಂದವರು ಮೊದಲಿನವರಾಗಿರಲಿಲ್ಲ.

ಸೇನೆಯ ಮೇಲೆ ಮಾತ್ರ ಬಿದ್ದ ಏಟಲ್ಲ ಇದು. ಆ ಎರಡು ವರ್ಷಗಳಲ್ಲಿ ಗುಪ್ತ ಪೊಲೀಸರು ತಮ್ಮದೇ ದಾಖಲೆಯ ಪ್ರಕಾರ 6,81,692 ಜನರನ್ನು ಕೊಂದರು. 1937ರ ಜನವರಿಯಲ್ಲಿ ನಡೆದ ಜನಗಣತಿ ಸರ್ಕಾರ ನಿರೀಕ್ಷಿಸಿದ್ದಕ್ಕಿಂತ ಬಹಳ ಕಡಿಮೆ ಜನರನ್ನು ತೋರಿಸಿತು. 1932–33ರ ಬರಗಾಲದಲ್ಲಿ, ಮುಖ್ಯವಾಗಿ ಉಕ್ರೇನ್ ಮತ್ತು ಕಝಾಕ್‌ಸ್ತಾನದಲ್ಲಿ, ಸತ್ತವರ ಗೈರುಹಾಜರಿ ಆ ಲೆಕ್ಕದಲ್ಲಿತ್ತು. ಗಣತಿಯ ಫಲಿತಾಂಶವನ್ನೇ ರದ್ದುಮಾಡಿ, ಅದನ್ನು ನಡೆಸಿದ ಸಂಖ್ಯಾಶಾಸ್ತ್ರಜ್ಞರಲ್ಲಿ ಪ್ರಮುಖರನ್ನು ಗುಂಡಿಟ್ಟು ಕೊಂದರು. ಸರಿಯಾಗಿ ಎಣಿಸಿದ್ದಕ್ಕೆ ಮರಣದಂಡನೆ ಎಂದ ಮೇಲೆ ಮುಂದೆ ಯಾವ ಗುಮಾಸ್ತ, ಯಾವ ಕರ್ನಲ್, ಯಾವ ಗೂಢಚಾರ ಮೇಲಧಿಕಾರಿಗೆ ಸರಿಯಾದ ಲೆಕ್ಕ ಕೊಟ್ಟಾನು?

ಮೊದಲ ಪರೀಕ್ಷೆ ಫಿನ್ಲೆಂಡಿನ ಹಿಮದಲ್ಲಿ ಬಂತು. 1939ರ ನವೆಂಬರ್ 30ರಂದು ದಾಳಿ ಮಾಡಿದ ಸೋವಿಯತ್ ಸೇನೆ ಪುಟ್ಟ ದೇಶವೊಂದರ ಎದುರು ಮೂರೂವರೆ ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ವೊರೊಶಿಲೋವ್ ರಕ್ಷಣಾ ಖಾತೆ ಬಿಡಬೇಕಾಯಿತು. ಜೈಲಿನಲ್ಲಿ ಕೊಳೆಯುತ್ತಿದ್ದ ಕೆಲವು ಅಧಿಕಾರಿಗಳಿಗೆ ಬಿಡುಗಡೆ ಸಿಕ್ಕಿತು. ಅವರಲ್ಲಿ ಒಬ್ಬ ಕೊನ್‌ಸ್ತಾಂತಿನ್ ರೊಕೊಸೊವ್‌ಸ್ಕಿ. ವಿಚಾರಣೆಯ ಹೆಸರಿನಲ್ಲಿ ಅವನ ಹಲ್ಲುಗಳನ್ನು ಉದುರಿಸಿದ್ದರು. ಆದರೂ ಅವನು ಸುಳ್ಳು ಹೇಳಿಕೆಗೆ ಸಹಿ ಹಾಕಿರಲಿಲ್ಲ. ಈ ಹೆಸರು ಇನ್ನೊಮ್ಮೆ ಬರುತ್ತದೆ.

1941ರ ಬೇಸಿಗೆಯ ಕತೆಯನ್ನು ಹಲವರು ಬಲ್ಲರು, ಆದರೂ ಅದರ ವಿವರಗಳಲ್ಲಿ ನಿಲ್ಲಬೇಕು. ಹಿಟ್ಲರನ ಜೊತೆ 1939ರ ಆಗಸ್ಟ್ 23ರಂದು ಮಾಡಿಕೊಂಡ ಒಪ್ಪಂದದ ಮೇಲೆ ಸ್ಟಾಲಿನ್ ಭಾರ ಹಾಕಿದ್ದ. ಇತ್ತ ಟೋಕಿಯೋದಿಂದ ಸೋವಿಯತ್ ಗೂಢಚಾರ ರಿಚರ್ಡ್ ಸೋರ್ಗೆ, ಬರ್ಲಿನ್ನಿನ ವಾಯುಪಡೆ ಕಚೇರಿಯೊಳಗಿಂದಲೇ ಇನ್ನೊಬ್ಬ ಮಾಹಿತಿದಾರ, ಲಂಡನ್ನಿನಿಂದ ಸ್ವತಃ ಚರ್ಚಿಲ್ ಎಚ್ಚರಿಕೆಗಳನ್ನು ಕಳಿಸುತ್ತಿದ್ದರು. ಗಡಿಯಲ್ಲಿ ಜರ್ಮನ್ ಸೇನೆ ಜಮಾಯಿಸುತ್ತಿದ್ದುದು ಬರಿಗಣ್ಣಿಗೇ ಕಾಣುತ್ತಿತ್ತು. ದಾಳಿಗೆ ಎಲ್ಲ ಸಿದ್ಧತೆ ಮುಗಿದಿದೆ ಎಂಬ ಬರ್ಲಿನ್ನಿನ ವರದಿ ಜೂನ್ 17ರಂದು ಸ್ಟಾಲಿನ್ನನ ಮೇಜಿಗೆ ಬಂತು. ಅವನು ಅದರ ಮೇಲೆ ಅಶ್ಲೀಲವಾಗಿ ಬೈದು, ಇದು ಮಾಹಿತಿಯಲ್ಲ, ಸುಳ್ಳುಸುದ್ದಿ ಎಂದು ಗೀಚಿದ. ಗಡಿಯ ದಳಪತಿಗಳು ಮುನ್ನೆಚ್ಚರಿಕೆಗೆ ಅನುಮತಿ ಕೇಳಿದರೆ ಗದರಿಕೆ ಸಿಗುತ್ತಿತ್ತು. ಐದನೇ ದಿನ, ಜೂನ್ 22ರ ನಸುಕಿನಲ್ಲಿ, ಮೂವತ್ತು ಲಕ್ಷ ಸೈನಿಕರ ಜರ್ಮನ್ ಪಡೆ ಗಡಿ ದಾಟಿತು. ಆ ಒಂದೇ ದಿನ ಸೋವಿಯತ್ ವಾಯುಪಡೆ ಸಾವಿರಕ್ಕೂ ಹೆಚ್ಚು ವಿಮಾನಗಳನ್ನು ಕಳೆದುಕೊಂಡಿತು. ಅವುಗಳಲ್ಲಿ ಹೆಚ್ಚಿನವು ನೆಲ ಬಿಟ್ಟು ಏಳಲೇ ಇಲ್ಲ.

ಸೋಲಿಗೆ ಹೊಣೆ ಯಾರು? ಪಶ್ಚಿಮ ರಂಗದ ದಂಡನಾಯಕ ದ್ಮಿತ್ರಿ ಪಾವ್ಲೋವ್‌ನನ್ನು ತಿಂಗಳೊಳಗೆ ಗುಂಡಿಟ್ಟು ಕೊಂದರು. ಎಚ್ಚರಿಕೆಯನ್ನು ಕಸದಬುಟ್ಟಿಗೆ ಎಸೆದವನು ಕ್ರೆಮ್ಲಿನ್ನಿನಲ್ಲೇ ಇದ್ದ. ಜುಲೈ ಕೊನೆಯಲ್ಲಿ ಸೇನಾ ಮುಖ್ಯ ಕಚೇರಿಯ ಮುಖ್ಯಸ್ಥ ಗಿಯೋರ್ಗಿ ಝೂಕೋವ್, ಕೀವ್ ನಗರವನ್ನು ಬಿಟ್ಟು ಹಿಂದೆ ಸರಿಯದಿದ್ದರೆ ಅಲ್ಲಿನ ಪಡೆಗಳು ಸುತ್ತುವರಿದು ಸಾಯುತ್ತವೆ ಎಂದ. ಆ ಮಾತಿಗೆ ಅವನ ಹುದ್ದೆ ಹೋಯಿತು. ಸೆಪ್ಟೆಂಬರಿನಲ್ಲಿ ಕೀವ್ ಸುತ್ತ ಅವನು ಹೇಳಿದಂತೆಯೇ ಆಯಿತು. ಜರ್ಮನ್ ಲೆಕ್ಕದ ಪ್ರಕಾರ ಸೆರೆಸಿಕ್ಕ ಸೋವಿಯತ್ ಸೈನಿಕರು ಆರು ಲಕ್ಷಕ್ಕೂ ಹೆಚ್ಚು. ಅಷ್ಟರಲ್ಲಿ ಆಗಸ್ಟ್ 16ರ 270ನೇ ಆದೇಶ ಬಂದಿತ್ತು. ಶರಣಾಗುವ ಅಧಿಕಾರಿ ದ್ರೋಹಿ, ಅವನ ಕುಟುಂಬಕ್ಕೆ ಬಂಧನ, ಸೆರೆಸಿಕ್ಕ ಸಾಮಾನ್ಯ ಸೈನಿಕನ ಮನೆಯವರಿಗೆ ಸರ್ಕಾರದ ನೆರವಿಲ್ಲ. ಯುದ್ಧದ ಉದ್ದಕ್ಕೂ ಸುಮಾರು 57 ಲಕ್ಷ ಸೋವಿಯತ್ ಸೈನಿಕರು ಜರ್ಮನರ ಕೈಗೆ ಸಿಕ್ಕರು. ಅವರಲ್ಲಿ ಸುಮಾರು 33 ಲಕ್ಷ ಜನ ಹಸಿವು, ಚಳಿ, ಗುಂಡೇಟುಗಳಿಂದ ಸತ್ತರು. ಅವರನ್ನು ಕೊಂದವರು ನಾಜಿಗಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬದುಕಿ ಮನೆಗೆ ಮರಳಿದವರನ್ನು ಶಂಕಿತರಂತೆ ವಿಚಾರಣೆಗೆ ಎಳೆದು, ಲಕ್ಷಾಂತರ ಜನರನ್ನು ದುಡಿಮೆಯ ದಳಗಳಿಗೂ ಶಿಬಿರಗಳಿಗೂ ಅಟ್ಟಿದ್ದು ಅವರದೇ ಸರ್ಕಾರ.

ಇಷ್ಟಾಗಿಯೂ ಆ ದೇಶ ಗೆದ್ದಿತು. ಹೇಗೆ ಎಂಬ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಓಡಾಡುತ್ತವೆ. ಸ್ಟಾಲಿನ್ನನ ಉಕ್ಕಿನ ಕೈ ಇಲ್ಲದಿದ್ದರೆ ಹಿಟ್ಲರ್ ಗೆಲ್ಲುತ್ತಿದ್ದ ಎಂಬುದು ಒಂದು. ರಷ್ಯದ ಚಳಿಯೂ ಲೆಕ್ಕವಿಲ್ಲದ ಜನಸಂಖ್ಯೆಯೂ ಗೆದ್ದವು ಎಂಬುದು ಇನ್ನೊಂದು. ಎರಡೂ ಆ ಸೈನಿಕರಿಗೆ ಮಾಡುವ ಅನ್ಯಾಯ.

ಬೇರೆ ಕಾರಣಗಳು ಇದ್ದವು. 1941ರ ಉತ್ತರಾರ್ಧದಲ್ಲಿ 1,500ಕ್ಕೂ ಹೆಚ್ಚು ದೊಡ್ಡ ಕಾರ್ಖಾನೆಗಳನ್ನು ಕಳಚಿ ರೈಲಿಗೆ ಹೇರಿ ಉರಾಲ್ ಬೆಟ್ಟಗಳಾಚೆ ಸಾಗಿಸಿದರು. ಹೆಂಗಸರೂ ಹದಿಹರೆಯದ ಹುಡುಗರೂ ಹಗಲಿರುಳು ಟ್ಯಾಂಕು ತಯಾರಿಸಿದರು. ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಕಟ್ಟಿದ ಉಕ್ಕಿನ ಉದ್ದಿಮೆ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಅದನ್ನು ಒಪ್ಪಲೇಬೇಕು. ಅಮೆರಿಕದಿಂದ ಬಂದ ಸುಮಾರು ನಾಲ್ಕು ಲಕ್ಷ ಲಾರಿ, ಜೀಪುಗಳಿಲ್ಲದಿದ್ದರೆ ಕೆಂಪು ಸೇನೆ ಅಷ್ಟು ವೇಗವಾಗಿ ಬರ್ಲಿನ್ ಕಡೆಗೆ ಸಾಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಇವೆಲ್ಲದರ ಜೊತೆಗೆ 1942ರಲ್ಲಿ ಇನ್ನೊಂದು ಬದಲಾವಣೆಯಾಯಿತು. ಅದರ ಬಗ್ಗೆ ಮಾತು ಕಡಿಮೆ.

1942ರ ಬೇಸಿಗೆಯಲ್ಲಿ ಸೇನೆ ಮತ್ತೆ ವೋಲ್ಗಾ ನದಿಯವರೆಗೆ ಹಿಮ್ಮೆಟ್ಟಿತು. ಒಂದು ಹೆಜ್ಜೆಯೂ ಹಿಂದಿಡಕೂಡದೆಂಬ ಹೆಸರಾಂತ 227ನೇ ಆದೇಶ ಜುಲೈ 28ರಂದು ಹೊರಟಿತು. ಭಯದಿಂದಲೇ ಯುದ್ಧ ಗೆದ್ದರು ಎನ್ನುವವರು ಇದನ್ನು ತೋರಿಸುತ್ತಾರೆ. ಆದರೆ ಎರಡೂವರೆ ತಿಂಗಳ ಮೇಲೆ, ಅಕ್ಟೋಬರ್ 9ರಂದು, ಹೊರಟ ಇನ್ನೊಂದು ಆದೇಶವನ್ನು ಅವರು ಮರೆಯುತ್ತಾರೆ. ದಳಪತಿಯ ಜೊತೆ ಅಧಿಕಾರ ಹಂಚಿಕೊಳ್ಳುತ್ತಿದ್ದ ಕಮಿಸಾರ್ ಪದ್ಧತಿಯನ್ನು ಅದು ತೆಗೆದುಹಾಕಿತು. ರಣರಂಗದ ತೀರ್ಮಾನ ಮತ್ತೆ ದಂಡನಾಯಕನೊಬ್ಬನದೇ ಆಯಿತು. ಸ್ಟಾಲಿನ್ ಆ ಹೊತ್ತಿಗೆ ಸೇನಾನಿಗಳ ಮಾತು ಕೇಳಲು ಕಲಿಯುತ್ತಿದ್ದ. ಸ್ಟಾಲಿನ್‌ಗ್ರಾಡಿನಲ್ಲಿ ಜರ್ಮನ್ನರನ್ನು ಎರಡೂ ಬದಿಯಿಂದ ಸುತ್ತುವರಿಯುವ ಯೋಜನೆಗೆ ಝೂಕೋವ್ ಮತ್ತು ಸೇನಾನಿ ವಸಿಲೆವ್‌ಸ್ಕಿ ಸಮಯ ಕೇಳಿದರು, ಸಿಕ್ಕಿತು. ನವೆಂಬರ್ 19ರಂದು ಆರಂಭವಾದ ಆ ದಾಳಿ 1943ರ ಫೆಬ್ರವರಿ 2ರಂದು ಜರ್ಮನಿಯ ಆರನೇ ಸೇನೆಯ ಶರಣಾಗತಿಯಲ್ಲಿ ಮುಗಿಯಿತು. ಅದೇ ವರ್ಷ ಕುರ್ಸ್ಕ್‌ನಲ್ಲಿ ಮೊದಲು ದಾಳಿ ಮಾಡುವುದು ಬೇಡ, ಶತ್ರುವೇ ಬಂದು ದಣಿಯಲಿ ಎಂಬ ಝೂಕೋವ್‌ನ ಸಲಹೆಗೂ ಮನ್ನಣೆ ಸಿಕ್ಕಿತು.

1944ರ ಮೇ ತಿಂಗಳಿನದು ಇನ್ನೂ ದೊಡ್ಡ ಉದಾಹರಣೆ. ಬೆಲಾರೂಸಿನಲ್ಲಿ ನಡೆಯಬೇಕಿದ್ದ ಬಗ್ರಾತಿಯೋನ್ ಕಾರ್ಯಾಚರಣೆಯ ಚರ್ಚೆ. ಹಲ್ಲು ಕಳೆದುಕೊಂಡ ಆ ರೊಕೊಸೊವ್‌ಸ್ಕಿ ಈಗ ಒಂದು ರಂಗದ ದಂಡನಾಯಕ. ತನ್ನ ವಲಯದಲ್ಲಿ ಏಕಕಾಲಕ್ಕೆ ಎರಡು ಕಡೆಯಿಂದ ಹೊಡೆಯಬೇಕು ಎಂದು ಅವನು ವಾದಿಸಿದ. ಒಂದೇ ಕಡೆ ಸಾಕೆಂದ ಸ್ಟಾಲಿನ್, ಪಕ್ಕದ ಕೋಣೆಗೆ ಹೋಗಿ ಯೋಚಿಸಿ ಬಾ ಎಂದು ಕಳಿಸಿದ. ಬಂದವನು ಅದನ್ನೇ ಹೇಳಿದ. ಮತ್ತೆ ಕಳಿಸಿದ, ಮತ್ತೆ ಅದೇ ಮಾತು. ಕೊನೆಗೆ ಸ್ಟಾಲಿನ್ ಒಪ್ಪಿದ ಎಂದು ರೊಕೊಸೊವ್‌ಸ್ಕಿ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಜೂನ್ ಕೊನೆಯಲ್ಲಿ ಆರಂಭವಾದ ಆ ಕಾರ್ಯಾಚರಣೆ ಕೆಲವೇ ವಾರಗಳಲ್ಲಿ ಜರ್ಮನಿಯ ಮಧ್ಯ ಸೇನಾ ಸಮೂಹವನ್ನು ಅಳಿಸಿಹಾಕಿತು. ಆಳಕ್ಕೆ ನುಗ್ಗುವ ಆ ಯುದ್ಧಕಲೆಯಲ್ಲಿ ತುಖಚೆವ್‌ಸ್ಕಿಯ ಚಿಂತನೆ ಎದ್ದು ಕಾಣುತ್ತಿತ್ತು. ಅವನ ಹೆಸರು ಎತ್ತುವಂತಿರಲಿಲ್ಲ. ಅವನ ಮೇಲಿನ ಆರೋಪ ಸುಳ್ಳೆಂದು ಸರ್ಕಾರ ಒಪ್ಪಿದ್ದು 1957ರಲ್ಲಿ.

ಗೆದ್ದ ಮೇಲೆ ದಾರಿ ಮತ್ತೆ ಮುಚ್ಚಿತು. 1945ರ ಜೂನ್ 24ರ ವಿಜಯ ಪಥಸಂಚಲನದಲ್ಲಿ ಬಿಳಿ ಕುದುರೆಯೇರಿ ಬಂದ ಝೂಕೋವ್‌ನನ್ನು ಮರುವರ್ಷವೇ ಒಡೆಸ್ಸಾದ ಸಣ್ಣ ಹುದ್ದೆಗೆ ದೂಡಿದರು, ಆಮೇಲೆ ಉರಾಲ್‌ಗೆ. ಮೇ 9ರ ವಿಜಯ ದಿನದ ರಜೆಯನ್ನೂ 1947ರ ಕೊನೆಗೆ ರದ್ದುಮಾಡಿದರು. ಅದು ಮರಳಿ ಬಂದದ್ದು 1965ರಲ್ಲಿ. ಸತ್ತವರ ಸಂಖ್ಯೆ ಕೂಡ ರಾಜ್ಯರಹಸ್ಯವಾಯಿತು. 1946ರಲ್ಲಿ ಸ್ಟಾಲಿನ್ ಹೇಳಿದ್ದು ಸುಮಾರು 70 ಲಕ್ಷ. ಸ್ಟಾಲಿನ್ ನಂತರ ಬಂದ ಕ್ರುಶ್ಚೇವ್ ಕಾಲಕ್ಕೆ ಅದು ಎರಡು ಕೋಟಿಯಾಯಿತು. ಸುಮಾರು 2 ಕೋಟಿ 70 ಲಕ್ಷ ಎಂದು ಸರ್ಕಾರ ಹೇಳಿದ್ದು 1990ರಲ್ಲಿ, ಆ ದೇಶದ ಕೊನೆಯ ನಾಯಕ ಗೊರ್ಬಚೇವ್ ಬಾಯಲ್ಲಿ. ಎರಡು ಕೋಟಿ ಜನರ ಸಾವನ್ನು ಸ್ಟಾಲಿನ್ ತನ್ನ ಸ್ವಂತ ಜನರಿಂದ ಬಚ್ಚಿಟ್ಟ. ಯುದ್ಧವರದಿಗಾರನಾಗಿ ಸ್ಟಾಲಿನ್‌ಗ್ರಾಡನ್ನು ಕಣ್ಣಾರೆ ಕಂಡ ವಾಸಿಲಿ ಗ್ರಾಸ್‌ಮನ್ ಆ ಯುದ್ಧದ ಬಗ್ಗೆ ಬರೆದ ‘ಬದುಕು ಮತ್ತು ವಿಧಿ’ ಕಾದಂಬರಿಯ ಹಸ್ತಪ್ರತಿಯನ್ನು 1961ರಲ್ಲಿ ಗುಪ್ತಚರ ಸಂಸ್ಥೆ ಕೆಜಿಬಿ ವಶಪಡಿಸಿಕೊಂಡಿತು. ಗ್ರಾಸ್‌ಮನ್ 1964ರಲ್ಲಿ ತೀರಿಕೊಂಡ. ಅವನ ದೇಶದಲ್ಲಿ ಆ ಪುಸ್ತಕ ಅಚ್ಚಾದದ್ದು 1988ರಲ್ಲಿ.

1956ರ ಫೆಬ್ರವರಿಯಲ್ಲಿ ಕ್ರುಶ್ಚೇವ್ ಸ್ಟಾಲಿನ್ನನ ಅಪರಾಧಗಳನ್ನು ಪಕ್ಷದ ಸಭೆಯಲ್ಲಿ ಬಿಚ್ಚಿಟ್ಟ. ಅದು ನಿಜವಾದ ಧೈರ್ಯ. ಆದರೆ ಅದೇ ನವೆಂಬರಿನಲ್ಲಿ ಅವನ ಟ್ಯಾಂಕುಗಳು ಹಂಗೆರಿಯ ಬಂಡಾಯವನ್ನು ತುಳಿದವು. ಆರು ವರ್ಷಗಳ ನಂತರ ಗುಂಡು ಹಾರಿದ್ದು ತನ್ನದೇ ಕಾರ್ಮಿಕರ ಮೇಲೆ.

ದಕ್ಷಿಣ ರಷ್ಯದ ನೊವೊಚೆರ್ಕಾಸ್ಕ್‌ನಲ್ಲಿ ರೈಲು ಎಂಜಿನ್ ತಯಾರಿಸುವ ದೊಡ್ಡ ಕಾರ್ಖಾನೆಯಿದೆ. 1962ರ ಜೂನ್ 1ರಂದು ಮಾಂಸ, ಬೆಣ್ಣೆಯ ಬೆಲೆ ಶೇ 25ರಿಂದ 30ರಷ್ಟು ಏರಿತು. ಕಾರ್ಖಾನೆಯಲ್ಲಿ ಕೂಲಿ ದರವನ್ನೂ ಆಗಲೇ ಇಳಿಸಿದ್ದರು. ಕಾರ್ಮಿಕರು ಕೆಲಸ ನಿಲ್ಲಿಸಿದರು. ಮರುದಿನ ಸಾವಿರಾರು ಜನ, ಹೆಂಗಸರು ಮಕ್ಕಳ ಸಮೇತ, ಕೆಂಪು ಬಾವುಟವನ್ನೂ ಲೆನಿನ್ ಚಿತ್ರವನ್ನೂ ಹಿಡಿದು ಊರಿನತ್ತ ಹೊರಟರು. ತೂಜ್ಲೋವ್ ನದಿಯ ಸೇತುವೆಯ ಮೇಲೆ ಟ್ಯಾಂಕುಗಳು ಅಡ್ಡ ನಿಂತಿದ್ದವು. ಅಲ್ಲಿದ್ದವನು ಜನರಲ್ ಮತ್ವೇಯ್ ಶಾಪೊಶ್ನಿಕೋವ್, ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟದ ವೀರ ಪದಕ ಪಡೆದವನು. ಟ್ಯಾಂಕು ನುಗ್ಗಿಸು ಎಂಬ ಆಜ್ಞೆ ಬಂದಾಗ, ಟ್ಯಾಂಕಿನಿಂದ ಹೊಡೆಯುವಂಥ ಶತ್ರು ತನ್ನೆದುರು ಯಾರೂ ಇಲ್ಲವೆಂದು ಹೇಳಿ ನಿರಾಕರಿಸಿದ. ಸೈನಿಕರ ಬಂದೂಕುಗಳಿಂದ ಗುಂಡು ತೆಗೆಸಿದ. ಜನ ಟ್ಯಾಂಕುಗಳನ್ನು ಹತ್ತಿಳಿದು ಮುಂದೆ ಹೋದರು. ಆದರೆ ಊರಿನ ಚೌಕದಲ್ಲಿ ಬೇರೆ ಪಡೆಗಳಿದ್ದವು. ಅಲ್ಲಿ ಗುಂಡು ಹಾರಿತು, ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಶವಗಳನ್ನು ಮನೆಯವರಿಗೆ ಕೊಡದೆ ದೂರದೂರದ ಊರುಗಳ ಸ್ಮಶಾನಗಳಲ್ಲಿ ಗುಟ್ಟಾಗಿ ಹೂಳಿದರು. ಚೌಕಕ್ಕೆ ಹೊಸ ಡಾಂಬರು ಬಂತು. ಮುಂದೆ ವಿಚಾರಣೆ ನಡೆಸಿ ಏಳು ಮಂದಿಗೆ ಮರಣದಂಡನೆ ಕೊಟ್ಟರು.

ಶಾಪೊಶ್ನಿಕೋವ್ ಸುಮ್ಮನಿರಲಿಲ್ಲ. ನಡೆದದ್ದನ್ನು ವಿವರಿಸಿ ಬರಹಗಾರರಿಗೆ ಪತ್ರಗಳನ್ನು ಬರೆದ. ಅವನನ್ನು ಸೇವೆಯಿಂದ ಬಿಡಿಸಿದರು, 1967ರಲ್ಲಿ ಪಕ್ಷದಿಂದ ಹೊರಹಾಕಿದರು. ಸೋವಿಯತ್ ಚರಿತ್ರೆಯಲ್ಲಿ ವೀರರು ಯಾರೆಂದು ಕೇಳಿದರೆ ಬರ್ಲಿನ್ನಿನ ಮೇಲೆ ಬಾವುಟ ಹಾರಿಸಿದವರ ಪಕ್ಕದಲ್ಲೇ ಈ ಜನರಲ್‌ನ ಹೆಸರೂ ಬರಬೇಕು.

ಕರ್ನಾಟಕದ ಓದುಗರಿಗೆ ಸೋವಿಯತ್ ಒಕ್ಕೂಟ ಬೇರೆ ದಾರಿಯಿಂದ ಬಂತು. ಗೋರ್ಕಿಯ ‘ತಾಯಿ’ ಕನ್ನಡದಲ್ಲೇ ಸಿಗುತ್ತಿತ್ತು. ಮಾಸ್ಕೋದಲ್ಲಿ ಅಚ್ಚಾದ ವಿಜ್ಞಾನದ, ಮಕ್ಕಳ ಪುಸ್ತಕಗಳು ಅಗ್ಗದ ಬೆಲೆಗೆ ಬೆಂಗಳೂರಿನ ನವಕರ್ನಾಟಕದ ಮಳಿಗೆಗಳಲ್ಲಿ ಸಿಗುತ್ತಿದ್ದವು. 1971ರ ಆಗಸ್ಟ್ 9ರ ಭಾರತ–ಸೋವಿಯತ್ ಒಪ್ಪಂದ, ಆ ಡಿಸೆಂಬರಿನ ಯುದ್ಧದಲ್ಲಿ ಭದ್ರತಾ ಮಂಡಳಿಯಲ್ಲಿ ಭಾರತದ ಪರ ಚಲಾಯಿಸಿದ ವೀಟೊ ಇವನ್ನು ಮರೆಯುವುದು ಕೃತಘ್ನತೆ. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಉಡುಪಿಯ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ತಯಾರಾದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಮೇಲೇರಿದ್ದು ಸೋವಿಯತ್ ಕ್ಷಿಪಣಿ ನೆಲೆಯಾದ ಕಪೂಸ್ತಿನ್ ಯಾರ್‌ನಿಂದ. ಆ ಋಣ ದೊಡ್ಡದು. ಆದರೆ ಅದು ಆ ದೇಶದ ಜನರಿಗೆ, ವಿಜ್ಞಾನಿಗಳಿಗೆ ಸಲ್ಲಬೇಕಾದ ಋಣ. ಆ ಗೆಳೆತನದ ಭಾರಕ್ಕೆ ದೆಹಲಿ 1956ರಲ್ಲಿ ಹಂಗೆರಿಯ ವಿಷಯದಲ್ಲಿ, 1980ರಲ್ಲಿ ಅಫ್ಘಾನಿಸ್ತಾನದ ವಿಷಯದಲ್ಲಿ ಗಟ್ಟಿಯಾಗಿ ಮಾತಾಡದೆ ಹೋಯಿತು. ಗೆಳೆಯನಿಗೆ ಹೇಳಲೇಬೇಕಾದ ಮಾತನ್ನು ಭಾರತವೂ ಹೇಳಲಿಲ್ಲ.

ಅಫ್ಘಾನಿಸ್ತಾನದ ತೀರ್ಮಾನ ಆದ ರೀತಿ ಈ ಇಡೀ ಚರಿತ್ರೆಯ ಸಾರ. 1979ರ ಮಾರ್ಚ್‌ನಲ್ಲಿ ಕಾಬೂಲ್ ಸರ್ಕಾರ ಸೈನ್ಯ ಕೇಳಿದಾಗ ಮಾಸ್ಕೋ ವಿವೇಕದಿಂದ ಬೇಡವೆಂದಿತ್ತು. ಡಿಸೆಂಬರ್ ಹೊತ್ತಿಗೆ ಮನಸ್ಸು ಬದಲಾಯಿತು. ಸೇನಾ ಮುಖ್ಯ ಕಚೇರಿಯ ಮುಖ್ಯಸ್ಥ ಮಾರ್ಷಲ್ ನಿಕೊಲಾಯ್ ಒಗಾರ್ಕೋವ್, ಆ ಬೆಟ್ಟಗಳ ನಾಡಿಗೆ ಕಳಿಸಲಿರುವ ಪಡೆ ಏನೇನೂ ಸಾಲದು, ಹೋಗುವುದೇ ತಪ್ಪು ಎಂದ. ಪಾಲಿಟ್‌ಬ್ಯೂರೊಗೆ ಪಾಠ ಹೇಳಬೇಡ, ಆಜ್ಞೆ ಪಾಲಿಸು ಎಂದು ರಕ್ಷಣಾ ಸಚಿವ ಉಸ್ತಿನೋವ್ ಅವನ ಬಾಯಿ ಮುಚ್ಚಿಸಿದ. ಡಿಸೆಂಬರ್ 12ರ ಸಭೆಯ ನಿರ್ಣಯವನ್ನು ಟೈಪ್ ಮಾಡಿಸದೆ ಕೈಯಲ್ಲೇ ಬರೆದರು. ಅದರಲ್ಲಿ ದೇಶದ ಹೆಸರೂ ಇಲ್ಲ, ಬರೀ ‘ಎ’ ಎಂಬ ಅಕ್ಷರ. ದೇಶದ ರೋಗಿಷ್ಠ ನಾಯಕ ಬ್ರೆಝ್ನೇವ್ ಸಹಿ ಹಾಕಿದ. ಕ್ರಿಸ್‌ಮಸ್ ದಿನ ಪಡೆಗಳು ಗಡಿ ದಾಟಿದವು. ಎರಡನೇ ದಿನ ಅಫ್ಘನ್ ಅಧ್ಯಕ್ಷ ಹಫೀಜುಲ್ಲಾ ಅಮೀನ್‌ನನ್ನು ಅವನ ಅರಮನೆಯಲ್ಲೇ ಸೋವಿಯತ್ ಕಮಾಂಡೊಗಳು ಕೊಂದರು.

ಒಂಬತ್ತು ವರ್ಷಗಳ ಆ ಯುದ್ಧದಲ್ಲಿ ಸುಮಾರು 15,000 ಸೋವಿಯತ್ ಸೈನಿಕರು ಸತ್ತರು. ಅಫ್ಘನ್ನರ ಸಾವು ಅದರ ಎಷ್ಟೋ ಪಟ್ಟು. ಹುಡುಗರ ದೇಹಗಳು ಬೆಸುಗೆ ಹಾಕಿದ ಸತುವಿನ ಪೆಟ್ಟಿಗೆಗಳಲ್ಲಿ ಬಂದವು. ಪೆಟ್ಟಿಗೆ ತೆರೆಯುವಂತಿಲ್ಲ. ಮೊದಮೊದಲಿಗೆ ಸಮಾಧಿಯ ಕಲ್ಲಿನ ಮೇಲೆ ಎಲ್ಲಿ ಸತ್ತನೆಂದು ಬರೆಯುವಂತೆಯೂ ಇರಲಿಲ್ಲ. ಶಾಲೆ, ಆಸ್ಪತ್ರೆ ಕಟ್ಟಿಕೊಡುತ್ತಿರುವ ಸೈನಿಕರ ಚಿತ್ರಗಳನ್ನು ಟಿವಿ ತೋರಿಸುತ್ತಿತ್ತು. ಆ ತಾಯಂದಿರ, ಸೈನಿಕರ ಮಾತುಗಳನ್ನು ದಾಖಲಿಸಿದ ಸ್ವೆತ್ಲಾನಾ ಅಲೆಕ್ಸಿಯೆವಿಚ್ ಮುಂದೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಯುದ್ಧವನ್ನು ಬಹಿರಂಗವಾಗಿ ಖಂಡಿಸಿದ ಅಣುವಿಜ್ಞಾನಿ ಆಂದ್ರೇಯ್ ಸಖರೋವ್‌ನನ್ನು, ಆ ದೇಶಕ್ಕೆ ಹೈಡ್ರೋಜನ್ ಬಾಂಬ್ ಕಟ್ಟಿಕೊಟ್ಟವನನ್ನೇ, 1980ರ ಜನವರಿಯಲ್ಲಿ ಗೋರ್ಕಿ ನಗರಕ್ಕೆ ಗಡೀಪಾರು ಮಾಡಿದರು. ಅಮೆರಿಕದ ಸರ್ಕಾರವೂ ವಿಯೆಟ್ನಾಂ ವಿಷಯದಲ್ಲಿ ತನ್ನ ಜನರಿಗೆ ಸುಳ್ಳು ಹೇಳಿತ್ತು. ವ್ಯತ್ಯಾಸವೆಂದರೆ, 1971ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಆ ಸುಳ್ಳಿನ ದಾಖಲೆಗಳು ಅಲ್ಲಿನ ದಿನಪತ್ರಿಕೆಯ ಮುಖಪುಟದಲ್ಲಿ ಬಂದವು, ಪ್ರಕಟಿಸುವ ಹಕ್ಕನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾಸ್ಕೋದಲ್ಲಿ ಅಂಥ ಪತ್ರಿಕೆಯೂ ಇರಲಿಲ್ಲ, ಅಂಥ ಕೋರ್ಟೂ ಇರಲಿಲ್ಲ.

ಎಂಬತ್ತರ ದಶಕದ ನಡುವೆ ಸೋವಿಯತ್ ಭಂಡಾರದಲ್ಲಿ ಸುಮಾರು 40,000 ಅಣ್ವಸ್ತ್ರಗಳಿದ್ದವು, ಅಮೆರಿಕಕ್ಕಿಂತಲೂ ಹೆಚ್ಚು. ಅದಕ್ಕೆಲ್ಲ ಖರ್ಚು ಎಷ್ಟಾಗುತ್ತಿದೆ? ಬಜೆಟ್ಟಿನಲ್ಲಿ ಅಚ್ಚಾಗುತ್ತಿದ್ದ ರಕ್ಷಣಾ ವೆಚ್ಚ ಸುಮಾರು 2,000 ಕೋಟಿ ರೂಬಲ್. 1989ರ ಮೇ ತಿಂಗಳಲ್ಲಿ ಗೊರ್ಬಚೇವ್ ಸಂಸತ್ತಿನ ಮುಂದೆ ಹೇಳಿದ ಅಂಕಿ 7,730 ಕೋಟಿ. ಆ ಅಂಕಿಯೂ ಕಡಿಮೆಯೇ ಎಂದು ಬಹಳ ಅರ್ಥಶಾಸ್ತ್ರಜ್ಞರ ಅಭಿಪ್ರಾಯ. ಬ್ರೆಡ್ಡು, ಸಾಬೂನಿಗೆ ಸಾಲು ನಿಂತಿದ್ದ ಜನರಿಗೆ ತಮ್ಮ ದುಡ್ಡು ಎಲ್ಲಿ ಹೋಗುತ್ತಿದೆಯೆಂದು ಹೇಳಿರಲೇ ಇಲ್ಲ.

ಇಂಥ ವ್ಯವಸ್ಥೆಯೊಳಗೂ ತಮ್ಮ ಬುದ್ಧಿಯನ್ನು ನಂಬಿದ ಅಧಿಕಾರಿಗಳಿದ್ದರು, ಜಗತ್ತು ಅವರಿಂದಾಗಿ ಉಳಿದಿದೆ. 1962ರ ಅಕ್ಟೋಬರ್ 27ರಂದು ಕ್ಯೂಬಾ ಬಳಿ ಬಿ-59 ಜಲಾಂತರ್ಗಾಮಿಯಲ್ಲಿ ಅಣ್ವಸ್ತ್ರದ ಟಾರ್ಪಿಡೊ ಹಾರಿಸುವ ಮಾತು ಬಂದಾಗ ವಾಸಿಲಿ ಅರ್ಖಿಪೋವ್ ತಡೆದ. 1983ರ ಸೆಪ್ಟೆಂಬರ್ 26ರಂದು ಅಮೆರಿಕದ ಕ್ಷಿಪಣಿಗಳು ಬರುತ್ತಿವೆ ಎಂದು ಉಪಗ್ರಹ ವ್ಯವಸ್ಥೆ ಸೂಚಿಸಿದಾಗ ಲೆಫ್ಟಿನೆಂಟ್ ಕರ್ನಲ್ ಸ್ತನಿಸ್ಲಾವ್ ಪೆಟ್ರೋವ್ ಅದನ್ನು ಯಂತ್ರದ ದೋಷವೆಂದು ತೀರ್ಮಾನಿಸಿದ. ಅವನಿಗೆ ಪದಕ ಸಿಗಲಿಲ್ಲ. ದಿನಚರಿಯನ್ನು ಸರಿಯಾಗಿ ಬರೆದಿಡಲಿಲ್ಲವೆಂದು ಬೈಗುಳ ಸಿಕ್ಕಿತು.

1991ರ ಆಗಸ್ಟ್ 19ರಂದು ರಕ್ಷಣಾ ಸಚಿವ ಯಾಜೋವ್, ಕೆಜಿಬಿ ಮುಖ್ಯಸ್ಥ ಕ್ರುಚ್ಕೋವ್ ಮೊದಲಾದವರು ಗೊರ್ಬಚೇವ್‌ನನ್ನು ಗೃಹಬಂಧನದಲ್ಲಿಟ್ಟು ಟ್ಯಾಂಕುಗಳನ್ನು ಮಾಸ್ಕೋಗೆ ತಂದರು. ಮೂರೇ ದಿನಕ್ಕೆ ದಂಗೆ ಕುಸಿಯಿತು. ರಷ್ಯದ ಸಂಸತ್ ಭವನಕ್ಕೆ ನುಗ್ಗಲು ಕೆಜಿಬಿಯ ಆಲ್ಫಾ ಪಡೆಯೇ ಒಪ್ಪಲಿಲ್ಲ. ಸೈನ್ಯ ಹಿಂಜರಿದದ್ದಕ್ಕೆ ಕಾರಣವಿತ್ತು. 1989ರಲ್ಲಿ ಟ್ಬಿಲಿಸಿಯಲ್ಲಿ, 1991ರ ಜನವರಿಯಲ್ಲಿ ವಿಲ್ನಿಯಸ್‌ನಲ್ಲಿ ಜನರ ಮೇಲೆ ಪಡೆಗಳನ್ನು ಬಿಟ್ಟಾಗ ಆಜ್ಞೆ ಕೊಟ್ಟ ರಾಜಕಾರಣಿಗಳು ಕೈ ತೊಳೆದುಕೊಂಡಿದ್ದರು, ಕೆಸರು ಸೇನೆಯ ಮುಖಕ್ಕೆ ಮೆತ್ತಿತ್ತು. ಸುಳ್ಳಿಗೆ ಇನ್ನೊಮ್ಮೆ ಹೆಗಲು ಕೊಡಲು ಕರ್ನಲ್‌ಗಳು ತಯಾರಿರಲಿಲ್ಲ. ಡಿಸೆಂಬರ್ 25ರಂದು ಕೆಂಪು ಬಾವುಟ ಇಳಿಯಿತು. ಹೊರಗಿನ ಶತ್ರು ಒಂದೂ ಗುಂಡು ಹಾರಿಸಿರಲಿಲ್ಲ.

ಆ ರಾಜ್ಯ ಹೋದರೂ ಅಭ್ಯಾಸ ಹೋಗಲಿಲ್ಲ. ಸ್ಟಾಲಿನ್ ಕಾಲದ ಬಲಿಪಶುಗಳ ಹೆಸರುಗಳನ್ನು ಕಲೆಹಾಕಲು ಸಖರೋವ್ ಮೊದಲಾದವರು ಕಟ್ಟಿದ ‘ಮೆಮೋರಿಯಲ್’ ಸಂಸ್ಥೆಯನ್ನು ಮುಚ್ಚಬೇಕೆಂದು ರಷ್ಯದ ಸುಪ್ರೀಂ ಕೋರ್ಟ್ 2021ರ ಡಿಸೆಂಬರ್ 28ರಂದು ಆದೇಶಿಸಿತು. ಎರಡು ತಿಂಗಳೊಳಗೆ ಉಕ್ರೇನ್ ಮೇಲೆ ದಾಳಿಯಾಯಿತು. ಸೇನೆಯ ಬಗ್ಗೆ ‘ಸುಳ್ಳು ಮಾಹಿತಿ’ ಹರಡುವವರಿಗೆ 15 ವರ್ಷಗಳವರೆಗೆ ಜೈಲು ವಿಧಿಸುವ ಕಾನೂನು 2022ರ ಮಾರ್ಚ್ 4ರಂದು ಬಂತು. ಮೆಮೋರಿಯಲ್‌ಗೆ ಆ ವರ್ಷವೇ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಅದು ಸಂಗ್ರಹಿಸಿದ ಪಟ್ಟಿಯಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಪ್ರತಿ ಮೇ 9ರಂದು ಕೆಂಪು ಸೇನೆಯ ಗೆಲುವನ್ನು ನೆನೆದು ಕನ್ನಡದಲ್ಲಿ ಲೇಖನ ಬರೆಯುವವರು, ಭಾಷಣ ಮಾಡುವವರು ಇದ್ದಾರೆ. ಬರೆಯಲಿ, ಮಾಡಲಿ. ಆ ಗೆಲುವು ಅಷ್ಟು ದೊಡ್ಡದು. ಜೊತೆಗೆ ಕೀವ್‌ನಲ್ಲಿ ಸೆರೆಸಿಕ್ಕ ಆರು ಲಕ್ಷ ಜನರ, ಮರಳಿ ಬಂದು ಶಿಬಿರ ಸೇರಿದವರ, ತುಖಚೆವ್‌ಸ್ಕಿಯ, ಶಾಪೊಶ್ನಿಕೋವ್‌ನ ಹೆಸರನ್ನೂ ಅದೇ ಲೇಖನದಲ್ಲಿ, ಅದೇ ಭಾಷಣದಲ್ಲಿ ಹೇಳಲಿ. ಅವರೂ ಆ ಸೇನೆಯವರೇ.